ಟ್ರ್ಯಾಕ್ ಡೇ ಟೈರುಗಳ ವಿಷಯದಲ್ಲಿ ಒಂದು ಬದಲಾವಣೆ

ಪ್ರೀತಿಯ ಗ್ರಾಹಕರಿಗೆ,

ನಮಸ್ಕಾರ. ಮುಂದಿನ ತಿಂಗಳ ಮೊದಲ ದಿನದಿಂದ ನಮ್ಮ ಅಂಗಡಿಯಲ್ಲಿ ರೇಸ್ ಕಾಂಪೌಂಡಿನ (ಅಂದರೆ ರೇಸಿಗೆಂದೇ ಮಾಡಿದ ರಬ್ಬರ್ ಮಿಶ್ರಣದ) ಮೆತ್ತನೆ ಬೈಕ್ ಟೈರುಗಳನ್ನು ಸ್ಟಾಕ್ ಇಡುವುದಿಲ್ಲ. ಬೇಕೇ ಬೇಕು ಅನ್ನುವವರಿಗೆ ಆರ್ಡರ್ ಮೇಲೆ ತರಿಸಿಕೊಡುತ್ತೇವೆ. ಸದಾ ಸಿಗುವುದು ಒಳ್ಳೆಯ ಹಿಡಿತದ ಜೊತೆ ಬಾಳಿಕೆಯೂ ಬರುವ ಸ್ಪೋರ್ಟ್ ರೇಡಿಯಲ್‌ಗಳು, ಅಂದರೆ ರಸ್ತೆಗೂ ಟ್ರ್ಯಾಕಿಗೂ ಆಗುವ ಟೈರುಗಳು. ನಿಮ್ಮಲ್ಲಿ ಹಲವರು ಆ ಮೆತ್ತನೆ ಟೈರುಗಳಿಗಾಗಿಯೇ ನಮ್ಮಲ್ಲಿಗೆ ಬರುವವರು. ಹಾಗಾಗಿ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಬೆಂಗಳೂರಿನಲ್ಲಿ ದೊಡ್ಡ ರೇಸ್ ಟ್ರ್ಯಾಕ್ ಇಲ್ಲ. ಇಲ್ಲಿಯವರಿಗೆ ಟ್ರ್ಯಾಕ್ ಡೇ (ಸ್ವಂತ ಬೈಕನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಅಂದ್ರೆ ಶ್ರೀಪೆರಂಬುದೂರು ಹತ್ತಿರದ ಇರುಂಗಟ್ಟುಕೋಟೈ, ಇಲ್ಲವೇ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ. ಎರಡೂ ಇಲ್ಲಿಂದ 300 ಕಿಲೋಮೀಟರ್ ಆಸುಪಾಸು ಅಥವಾ ಅದಕ್ಕಿಂತ ದೂರ. ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಬೈಕ್ ಓಡಿಸಿಕೊಂಡೇ ಹೋಗಿ, ಓಡಿಸಿಕೊಂಡೇ ಬರುತ್ತಾರೆ. ಹೊಸೂರು ದಾಟಿದ ಮೇಲೆ ನೇರ ಹೈವೇ. ಅಲ್ಲಿ ಸವೆಯುವುದು ಟೈರಿನ ನಡುಭಾಗ. ಟ್ರ್ಯಾಕಿನಲ್ಲಿ ಬೈಕ್ ಬಾಗಿಸಿದಾಗ ಸವೆಯುವುದು ಅಂಚು. ರೇಸ್ ಟೈರಿನಲ್ಲಿ ನಡುವೆಯೂ ಮೆತ್ತನೆ ರಬ್ಬರ್ ಇದ್ದರೆ, ಹೈವೇಯಲ್ಲೇ ಅದು ಚಪ್ಪಟೆಯಾಗುತ್ತದೆ. ಆಮೇಲೆ ತಿರುವಿನಲ್ಲಿ ಬೈಕ್ ಒಂದೇ ಸಮನಾಗಿ ಬಾಗುವುದಿಲ್ಲ. ಚಪ್ಪಟೆ ಭಾಗ ಮುಗಿಯುವ ಕಡೆ ಥಟ್ಟನೆ ತಿರುವಿನ ಒಳಗಡೆಗೆ ವಾಲುತ್ತದೆ. ಟ್ರ್ಯಾಕ್ ಕಲಿಯುತ್ತಿರುವವರಿಗೆ ಅದು ತುಂಬಾ ಕೆಟ್ಟ ಅನುಭವ.

ನಾವು ಇನ್ನು ಮುಂದೆ ಇಡುವ ಹಿಂಚಕ್ರದ ಟೈರುಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ರಬ್ಬರ್ ಇರುತ್ತದೆ. ನಡುವೆ ಗಟ್ಟಿ ರಬ್ಬರ್, ಎರಡೂ ಅಂಚಿಗೆ ಮೆತ್ತನೆಯದು. ಪಿರೆಲ್ಲಿ ಡಯಾಬ್ಲೊ ರೊಸ್ಸೊ 4, ಮೆಟ್ಸೆಲರ್ ಸ್ಪೋರ್ಟೆಕ್ ಎಂ9 ಆರ್‌ಆರ್ ಈ ಸಾಲಿಗೆ ಸೇರಿದವು. ನಮ್ಮ ದೇಶದ ಕಂಪನಿಗಳೂ ಈಗ ಒಳ್ಳೆಯ ಸ್ಪೋರ್ಟ್ ರೇಡಿಯಲ್ ಮಾಡುತ್ತಿವೆ, ಅವನ್ನೂ ಇಡುತ್ತೇವೆ.

ಎರಡನೆಯ ಕಾರಣ ಬಿಸಿ. ರೇಸ್ ಕಾಂಪೌಂಡ್ ತನ್ನ ಪೂರ್ತಿ ಹಿಡಿತ ಕೊಡುವುದು ಚೆನ್ನಾಗಿ ಕಾದ ಮೇಲೆ. ಅದಕ್ಕೇ ರೇಸ್ ತಂಡಗಳು ಟೈರಿಗೆ ವಾರ್ಮರ್ (ಬಿಸಿ ಮಾಡುವ ಹೊದಿಕೆ) ಸುತ್ತಿಡುತ್ತವೆ. ಟ್ರ್ಯಾಕ್ ಡೇಯಲ್ಲಿ ನಮ್ಮವರು ಮಾಡುವುದು ಏನು? ಹದಿನೈದು, ಇಪ್ಪತ್ತು ನಿಮಿಷ ಓಡಿಸುವುದು, ನೆರಳಿನಲ್ಲಿ ನಿಲ್ಲಿಸುವುದು, ಮತ್ತೆ ಸರದಿ ಬಂದಾಗ ಹೊರಡುವುದು. ಟೈರ್ ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ. ಪ್ರತಿ ಸಲವೂ ರಬ್ಬರ್ ಒಂದಿಷ್ಟು ಗಟ್ಟಿಯಾಗುತ್ತಾ ಹೋಗುತ್ತದೆ. ಗ್ರೂವ್ ಇನ್ನೂ ಆಳವಾಗಿ ಕಾಣುತ್ತದೆ, ಆದರೆ ಹಿಡಿತ ಹೋಗಿರುತ್ತದೆ. ಕಣ್ಣಿಗೆ ಕಾಣದ ಈ ಸವೆತವೇ ನಮಗೆ ಜಾಸ್ತಿ ಚಿಂತೆಯ ವಿಷಯ. ಸ್ಪೋರ್ಟ್ ರೇಡಿಯಲ್‌ಗಳು ಈ ಏರಿಳಿತವನ್ನು ಹೆಚ್ಚು ಕಾಲ ತಾಳುತ್ತವೆ, ಬೇಗ ಕಾಯುತ್ತವೆ, ಮಳೆ ಬಂದರೆ ನೀರನ್ನೂ ಹೊರಹಾಕುತ್ತವೆ.

ಕಲಿಯಲು ಹೋಗುವವರು ಇದನ್ನು ಗಮನಿಸಬೇಕು. ಬೆಳಗಿನ ಸೆಷನ್ನಿನಲ್ಲಿದ್ದ ಹಿಡಿತ ಸಂಜೆಗೂ ಹೆಚ್ಚುಕಮ್ಮಿ ಅಷ್ಟೇ ಇದ್ದರೆ, ನಿಮ್ಮ ಲ್ಯಾಪ್ ಸಮಯ ಬದಲಾದದ್ದು ನಿಮ್ಮ ಸವಾರಿಯಿಂದ ಅಂತ ಗೊತ್ತಾಗುತ್ತದೆ. ಬ್ರೇಕ್ ತಡವಾಗಿ ಹಿಡಿದದ್ದೋ, ತಿರುವಿನಲ್ಲಿ ಹಿಡಿಯಬೇಕಾದ ದಾರಿ (ಲೈನ್) ತಪ್ಪಿದ್ದೋ, ಥ್ರಾಟಲ್ ಬೇಗ ತೆರೆದದ್ದೋ ಅಂತ ಯೋಚಿಸಬಹುದು. ಟೈರೇ ಪ್ರತಿ ಸೆಷನ್ನಿಗೂ ಬದಲಾಗುತ್ತಿದ್ದರೆ ಏನೂ ತಿಳಿಯುವುದಿಲ್ಲ ಅಲ್ವಾ? ಇಷ್ಟು ಖರ್ಚು ಮಾಡಿ ಅಷ್ಟು ದೂರ ಹೋದವರು ಏನಾದರೂ ಕಲಿತೇ ಬರಬೇಕು ಅನ್ನುವುದು ನಮ್ಮ ಆಸೆ.

ಕಾರಿನ ಟೈರಿನ ಮೇಲಾದರೆ ಎಷ್ಟು ಬಾಳಿಕೆ ಅಂತ ಸೂಚಿಸುವ ಟ್ರೆಡ್‌ವೇರ್ ಅನ್ನುವ 200, 300 ಇಂಥ ಸಂಖ್ಯೆ ಇರುತ್ತದೆ. ಅದನ್ನೂ ಆಯಾ ಕಂಪನಿಯೇ ಕೊಟ್ಟುಕೊಳ್ಳುವುದು, ಬೇರೆ ಬೇರೆ ಬ್ರ್ಯಾಂಡುಗಳನ್ನು ಅದರಿಂದ ಹೋಲಿಸಲಾಗದು. ಬೈಕ್ ಟೈರಿಗೆ ಅಷ್ಟೂ ಇಲ್ಲ. ಹಾಗಾಗಿ ನೀವು ಬಿಚ್ಚಿದ ಹಳೆ ಟೈರನ್ನು ಒಮ್ಮೆ ನಮಗೆ ತೋರಿಸಿ. ಅದರ ಅಂಚು ನೋಡಿದರೆ ನಿಮಗೆ ಯಾವುದು ಸರಿ ಅಂತ ಹೇಳಬಹುದು. ಇರುಂಗಟ್ಟುಕೋಟೈ ಟ್ರ್ಯಾಕ್ ಸುಮಾರು 3.7 ಕಿಲೋಮೀಟರ್, 12 ತಿರುವು, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುವುದು. ಅಲ್ಲಿಂದ ಬಂದ ಟೈರಿನ ಬಲ ಅಂಚೇ ಮೊದಲು ಸವೆದಿರುತ್ತದೆ. ಟೈರ್ ತಿರುಗಿಸಿ ಹಾಕಿಕೊಡಿ ಅಂತ ಕೆಲವರು ಕೇಳುತ್ತಾರೆ. ಪಕ್ಕದಲ್ಲಿ ಉರುಳಬೇಕಾದ ದಿಕ್ಕು ತೋರಿಸುವ ಬಾಣದ ಗುರುತಿರುವ ಟೈರನ್ನು ಹಾಗೆ ಹಾಕುವುದಿಲ್ಲ. ರಿಮ್ಮಿಗೆ ಹೊಂದದ ಅಗಲದ ಟೈರನ್ನೂ ಹಾಕುವುದಿಲ್ಲ. ಕಿರಿದಾದ ರಿಮ್ಮಿನಲ್ಲಿ ಅಗಲದ ಟೈರ್ ಹಿಂಡಿಕೊಂಡು ಆಕಾರ ಕೆಡುತ್ತದೆ, ಬೈಕ್ ತಿರುಗುವುದೂ ನಿಧಾನವಾಗುತ್ತದೆ.

ಇದರ ಜೊತೆಗೆ ಇನ್ನೂ ಕೆಲವು ಬದಲಾವಣೆಗಳಿವೆ. ಟ್ರ್ಯಾಕ್ ಡೇಯ ಹಿಂದಿನ ಸಂಜೆ ಹೊಸ ಟೈರ್ ಹಾಕಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ವಾರದ ಮೊದಲೇ ಬನ್ನಿ. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ನೂರಿನ್ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ ಪಳಗಿಸಬೇಕು. ಹೈವೇಯಲ್ಲಿ ಚೆನ್ನೈ ಕಡೆಗೆ ಹೋದರೆ ಪಳಗುವುದು ನಡುಭಾಗ ಮಾತ್ರ, ಅಂಚು ಹೊಸದಾಗಿಯೇ ಉಳಿದಿರುತ್ತದೆ. ಆದ್ದರಿಂದ ಮೊದಲ ಸೆಷನ್ ಪೂರ್ತಿ ಸಮಾಧಾನವಾಗಿ, ಲ್ಯಾಪಿನಿಂದ ಲ್ಯಾಪಿಗೆ ಸ್ವಲ್ಪ ಸ್ವಲ್ಪವೇ ಹೆಚ್ಚು ಬಾಗಿಸುತ್ತಾ ಹೋಗಿ. ಟೈರ್ ತಯಾರಾದ ವಾರ ಮತ್ತು ವರ್ಷವನ್ನು ಬಿಲ್ಲಿನಲ್ಲೇ ಬರೆದುಕೊಡುತ್ತೇವೆ. ಟೈರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ 1225 ಅಂತಿದ್ದರೆ 2025ರ ಹನ್ನೆರಡನೆಯ ವಾರ ಅಂತ ಅರ್ಥ. 2020ರ ಜೂನ್‌ನಲ್ಲಿ ಹೊರದೇಶದ ಟೈರ್ ಆಮದಿಗೆ ಸರ್ಕಾರ ನಿರ್ಬಂಧ ಹಾಕಿ ಲೈಸೆನ್ಸ್ ಕಡ್ಡಾಯ ಮಾಡಿದ ಮೇಲೆ ಕೆಲವು ಸೈಜುಗಳು ಬೇಕಾದಾಗ ಸಿಗುವುದಿಲ್ಲ. ಎಲ್ಲಿ ಕೊಂಡರೂ ಈ ಅಂಕಿ ನೋಡಿಯೇ ಕೊಳ್ಳಿ.

ಗಾಳಿಯ ಬಗ್ಗೆ ಒಂದು ಚೀಟಿಯನ್ನೂ ಟೈರಿನ ಜೊತೆ ಕೊಡುತ್ತೇವೆ. ಟೈರಿನ ಒಳಗಿನ ಬಿಸಿ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್ಐ ಏರುತ್ತದೆ. ಆದ್ದರಿಂದ ಟ್ರ್ಯಾಕಿನಿಂದ ಒಳಗೆ ಬಂದ ತಕ್ಷಣ, ಟೈರ್ ಬಿಸಿಯಿರುವಾಗಲೇ ಅಳೆಯಿರಿ. ಚೀಟಿಯ ಒಂದು ಕಡೆ ಟ್ರ್ಯಾಕಿನ ಲೆಕ್ಕ, ಇನ್ನೊಂದು ಕಡೆ ರಸ್ತೆಯ ಲೆಕ್ಕ. ಮನೆಗೆ ಹೊರಡುವ ಮುಂಚೆ ರಸ್ತೆಯ ಲೆಕ್ಕಕ್ಕೆ ಗಾಳಿ ತುಂಬಿಸಿಕೊಳ್ಳುವುದನ್ನು ದಯವಿಟ್ಟು ಮರೆಯಬೇಡಿ. ದಣಿದ ಸವಾರ, ಕಮ್ಮಿ ಗಾಳಿಯ ಟೈರ್, ರಾತ್ರಿಯ ಹೈವೇ ಒಟ್ಟಿಗೆ ಸೇರಬಾರದು.

ಬೈಕನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುವವರು, ವಾರ್ಮರ್ ಇಟ್ಟುಕೊಂಡವರು, ರೇಸ್‌ಗೆ ಇಳಿಯುವವರು ಮೆತ್ತನೆ ಕಾಂಪೌಂಡನ್ನು ಧೈರ್ಯವಾಗಿ ಆರ್ಡರ್ ಮಾಡಿ. ಅವರಿಗೆ ಅದೇ ಸರಿ. ಅರ್ಧ ಹಣ ಮುಂಗಡ, ಉಳಿದದ್ದು ಟೈರ್ ಬಂದ ಮೇಲೆ. ಈಗಾಗಲೇ ಅಂಗಡಿಯಲ್ಲಿರುವವನ್ನು ತಿಂಗಳ ಕೊನೆಯವರೆಗೆ ಮಾರುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ನಮ್ಮ ಬೆಲೆಗಳೆಲ್ಲ ಆ ಲೆಕ್ಕದಲ್ಲೇ ಇವೆ.

ಮುಂದಿನ ಟ್ರ್ಯಾಕ್ ಡೇಗೆ ಹೆಸರು ಕೊಟ್ಟಿದ್ದರೆ ನಿಮ್ಮ ಬೈಕ್, ಟೈರ್ ಸೈಜ್ ಮತ್ತು ಹೊರಡುವ ದಿನ ತಿಳಿಸಿ, ಟೈರ್ ತೆಗೆದಿಟ್ಟಿರುತ್ತೇವೆ.

ಇಂತಿ,
ನಿಮ್ಮ ಟೈರ್ ಅಂಗಡಿಯವರು
ಬೆಂಗಳೂರು