ಹದಿಮೂರು ಜೆರ್ಸಿ

ಶಾರ್ಲೆಟ್, ನಾರ್ತ್ ಕ್ಯಾರೊಲಿನಾ

ಚಿ. ಸುಹಾಸನಿಗೆ ನಿನ್ನ ಮಾವನ ಆಶೀರ್ವಾದಗಳು.

ನಾನೂ ನಿನ್ನ ಅತ್ತೆಯೂ ಮಗನ ಮನೆಯಲ್ಲಿ ಕ್ಷೇಮ. ಚಳಿ ಜಾಸ್ತಿ ಅನ್ನೋದು ಬಿಟ್ಟರೆ ತಾಪತ್ರಯ ಇಲ್ಲ.

ಮೊನ್ನೆ ನಿನ್ನಮ್ಮ ಫೋನ್ ಮಾಡಿದ್ದಳು. ಅರ್ಧ ಗಂಟೆ ಮಾತು, ಅದರಲ್ಲಿ ಕಾಲು ಗಂಟೆ ಅಳು. ಎರಡು ವರ್ಷದಲ್ಲಿ ಎರಡು ಬಾಸ್ಕೆಟ್‌ಬಾಲ್ ಟೀಮ್ ನಿನ್ನನ್ನು ಬಿಟ್ಟವಂತೆ. ಈಗ ಮೂರನೆಯದು ಮೂರು ತಿಂಗಳಿಗೆ ಕರೆದಿದೆಯಂತೆ. ಇತ್ತ ಸ್ಪೋರ್ಟ್ಸ್ ಕೋಟಾದ ಕೆಲಸಕ್ಕೂ ಇಂಟರ್‌ವ್ಯೂ ಬಂದಿದೆಯಂತೆ. "ಅಣ್ಣಾ, ಇವನು ಊರೂರು ಅಲೆಯೋನು ಆಗಿಬಿಡ್ತಾನೆ ಅಂತ ಹೆದರಿಕೆ" ಅಂದಳು. ಅದೇ ರಾತ್ರಿ ನಿನ್ನ ಮೆಸೇಜೂ ಬಂತು. "ಮಾವ, ನಾನು ಯಾವ ಟೀಮಿಗೂ ಬೇಡವಾದವನು" ಅಂತ. ಇದಕ್ಕೆ ಫೋನಿನಲ್ಲಿ ಉತ್ತರ ಹೇಳೋದು ಬೇಡ ಅನ್ನಿಸಿತು. ಫೋನಿನಲ್ಲಿ ನೀನು "ಹೂಂ, ಹೂಂ" ಅನ್ನುತ್ತೀಯ. ಯಾವುದೂ ಕಿವಿಗೆ ಇಳಿಯುವುದಿಲ್ಲ.

ಈ ಊರಿನ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ಹೆಸರು ಇಶ್ ಸ್ಮಿತ್. ಹುಟ್ಟಿದ್ದು 1988ರಲ್ಲಿ, ಇದೇ ಶಾರ್ಲೆಟ್‌ನಲ್ಲಿ. ಆರಡಿ ಎತ್ತರ. ನಮ್ಮ ಬೀದಿಯಲ್ಲಿ ನಿಂತರೆ ಎತ್ತರದ ಆಳು, ಎನ್‌ಬಿಎ ಅನ್ನೋ ಇಲ್ಲಿನ ದೊಡ್ಡ ಬಾಸ್ಕೆಟ್‌ಬಾಲ್ ಲೀಗಿನ ಅಂಗಳದಲ್ಲಿ ಕುಳ್ಳ. ನಿನ್ನ ಹಾಗೇ ಪಾಯಿಂಟ್ ಗಾರ್ಡ್, ಚೆಂಡು ಹಿಡಿದು ಆಟ ನಡೆಸೋನು. ವೇಕ್ ಫಾರೆಸ್ಟ್ ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷ ಆಡಿ 2010ರ ಡ್ರಾಫ್ಟಿಗೆ, ಅಂದರೆ ಟೀಮುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳೋ ದಿನಕ್ಕೆ, ಕಾದು ಕೂತ. ಅವತ್ತು 60 ಹೆಸರು ಕೂಗುತ್ತಾರೆ. ಅರವತ್ತರಲ್ಲಿ ಇವನ ಹೆಸರಿಲ್ಲ.

ನಿನ್ನ ರೂಮಿನ ಗೋಡೆಗೆ ಸತ್ನಾಮ್ ಸಿಂಗ್ ಫೋಟೋ ಅಂಟಿಸಿದ್ದೆಯಲ್ಲ, ನೆನಪಿದೆಯಾ? ಪಂಜಾಬಿನ ಹಳ್ಳಿಯ ಹುಡುಗ, ಏಳಡಿ ಎರಡಂಗುಲ. 2015ರಲ್ಲಿ ಡಲ್ಲಾಸ್ ಟೀಮು ಅವನನ್ನು 52ನೆಯವನಾಗಿ ಆರಿಸಿತು. ಎನ್‌ಬಿಎ ಡ್ರಾಫ್ಟಿನಲ್ಲಿ ಹೆಸರು ಬಂದ ಮೊದಲ ಭಾರತೀಯ. ನಾವೆಲ್ಲ ಸಿಹಿ ಹಂಚಿದ್ದೇ ಹಂಚಿದ್ದು. ಪಾಪ, ಎನ್‌ಬಿಎಯಲ್ಲಿ ಒಂದು ಮ್ಯಾಚ್ ಕೂಡ ಅವನ ಪಾಲಿಗೆ ಬರಲಿಲ್ಲ. ಕೊನೆಗೆ ಕುಸ್ತಿಯ ಕಡೆ ಹೋದ. ಹೆಸರೇ ಕೂಗಿಸಿಕೊಳ್ಳದ ಇಶ್ ಸ್ಮಿತ್ 14 ಸೀಸನ್ ಆಡಿದ. ಲಿಸ್ಟಿನಲ್ಲಿ ಹೆಸರು ಬರೋದು ಒಂದು, ಅಂಗಳದಲ್ಲಿ ನಿಲ್ಲೋದು ಇನ್ನೊಂದು.

ಆ 14 ಸೀಸನ್ ಅವನು ಹೇಗೆ ಕಳೆದ ಅನ್ನೋದನ್ನು ನೋಡು. ಮೊದಲು ಹ್ಯೂಸ್ಟನ್. ಆರು ತಿಂಗಳು ತುಂಬುವುದರೊಳಗೆ ಮೆಂಫಿಸ್. ಆಮೇಲೆ ಗೋಲ್ಡನ್ ಸ್ಟೇಟ್, ಒರ್ಲ್ಯಾಂಡೊ, ಮಿಲ್ವಾಕಿ, ಫೀನಿಕ್ಸ್, ಒಕ್ಲಹೋಮ ಸಿಟಿ, ಫಿಲಡೆಲ್ಫಿಯಾ, ನ್ಯೂ ಆರ್ಲಿಯನ್ಸ್. ಆಮೇಲೆ ಡೆಟ್ರಾಯಿಟ್, ವಾಷಿಂಗ್ಟನ್, ಹುಟ್ಟೂರು ಶಾರ್ಲೆಟ್, ಡೆನ್ವರ್. ಒಟ್ಟು ಹದಿಮೂರು ಟೀಮು. ಇಷ್ಟು ಟೀಮಿಗೆ ಆಡಿದವನು ಎನ್‌ಬಿಎ ಚರಿತ್ರೆಯಲ್ಲಿ ಇವನೊಬ್ಬನೇ. ಇವನಿಗಿಂತ ಮುಂಚೆ ನಾಲ್ಕು ಜನರ ಹೆಸರಲ್ಲಿ ಹನ್ನೆರಡರ ದಾಖಲೆ ಇತ್ತು. ಅವರಲ್ಲಿ ಒಬ್ಬ ಜೋ ಸ್ಮಿತ್. 1995ರ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಹೆಸರು ಕೂಗಿಸಿಕೊಂಡವನು! ಒಂದನೇ ನಂಬರಿನವನಿಗೂ ಹನ್ನೆರಡು ಊರಿನ ನೀರು ತಪ್ಪಲಿಲ್ಲ ನೋಡು.

ನಾನು ಬ್ಯಾಂಕಿನಲ್ಲಿ 34 ವರ್ಷ ಸವೆಸಿದವನು. ಒಂದು ಟೀಮು ತನ್ನ ಆಟಗಾರನನ್ನು ಇನ್ನೊಂದಕ್ಕೆ ದಾಟಿಸೋದಕ್ಕೆ ಇಲ್ಲಿ ಟ್ರೇಡ್ ಅಂತಾರೆ. ಟ್ರೇಡ್ ಅಂದ ಕೂಡಲೇ ನನಗೆ ನೆನಪಾಗೋದು ನಮ್ಮ ಟ್ರಾನ್ಸ್‌ಫರ್. ರಾಯಚೂರು, ಶಿರಸಿ, ಚಿಂತಾಮಣಿ ಅಂತ ಒಂಬತ್ತು ಸಲ ಗಂಟುಮೂಟೆ ಕಟ್ಟಿದ್ದೇನೆ. ಉಪ್ಪಿನಕಾಯಿ ಭರಣಿಗೆ ಪೇಪರ್ ಸುತ್ತೋದರಲ್ಲಿ ನಿನ್ನ ಅತ್ತೆ ಎಕ್ಸ್‌ಪರ್ಟ್ ಆಗಿಬಿಟ್ಟಿದ್ದಳು. ಆದರೆ ನಮಗೆ ಜಾಯಿನಿಂಗ್ ಟೈಮ್ ಅಂತ ಒಂದು ವಾರವಾದರೂ ಇತ್ತು. ಹೋದ ಕಡೆಯೂ ಅದೇ ಲೆಡ್ಜರ್. ಇವರಿಗೆ ಹಾಗಲ್ಲ. ಮಧ್ಯಾಹ್ನ ಫೋನ್ ಬರುತ್ತದೆ, ಸಂಜೆಗೆ ವಿಮಾನ. ಹೋದ ತಕ್ಷಣ ಡಾಕ್ಟರ್ ಮಂಡಿ, ಹಿಮ್ಮಡಿ ಹಿಚುಕಿ ನೋಡುತ್ತಾರೆ. ಮಾರನೇ ದಿನ ಹೊಸ ಕೋಚು, ಹೊಸ ಸನ್ನೆ, ಹೊಸ ಹೆಸರಿನ ಹಳೇ ಆಟ. ಅವತ್ತು ರಾತ್ರಿಯೇ ಮ್ಯಾಚಿದ್ದರೂ ಇರಬಹುದು.

ಲೆಕ್ಕದ ಕಡೆಯನ್ನೂ ಹೇಳಿಬಿಡುತ್ತೇನೆ. ಬ್ಯಾಂಕಿನವನ ಬಾಯಲ್ಲಿ ಇನ್ನೇನು ಬರುತ್ತದೆ! ಎನ್‌ಬಿಎಯಲ್ಲಿ 30 ಟೀಮು, ಟೀಮಿಗೆ 15 ಜನ. ಅಂದರೆ ಇಡೀ ಜಗತ್ತಿಗೆ 450 ಪೂರಾ ಜಾಗ. ಅದಕ್ಕೆ ಕೆಳಗೆ ಜಿ ಲೀಗ್ ಅಂತ ಇದೆ. ಅಲ್ಲಿ ಇಡೀ ಸೀಸನ್ನಿಗೆ 40 ಸಾವಿರ ಡಾಲರಿನ ಆಸುಪಾಸು. ಇಲ್ಲಿನ ಬಾಡಿಗೆ, ಖರ್ಚು ನೋಡಿದವನಿಗೆ ಅದು ದೊಡ್ಡ ದುಡ್ಡಲ್ಲ ಅಂತ ಗೊತ್ತು. ಜನವರಿ 5 ಆದಮೇಲೆ ಹತ್ತು ದಿನದ ಕಾಂಟ್ರಾಕ್ಟ್ ಶುರು. ಒಂದು ಟೀಮು ಒಬ್ಬನಿಗೆ ಒಂದು ಸೀಸನ್ನಿನಲ್ಲಿ ಎರಡು ಸಲ ಮಾತ್ರ ಅದನ್ನು ಕೊಡಬಹುದು. ಆಮೇಲೂ ಬೇಕಾದರೆ ಸೀಸನ್ ಮುಗಿಯೋವರೆಗೂ ಇಟ್ಟುಕೊಳ್ಳಬೇಕು, ಇಲ್ಲ ಅಂದರೆ ನಮಸ್ಕಾರ. ಖಾತ್ರಿ ಇಲ್ಲದ ಕಾಂಟ್ರಾಕ್ಟಿನವನು ಜನವರಿ 10 ದಾಟಿದರೆ ಆ ವರ್ಷದ ಪೂರ್ತಿ ಸಂಬಳ ಗ್ಯಾರಂಟಿ. ಅದಕ್ಕೇ ಅದರ ಹಿಂದಿನ ವಾರ ಎಷ್ಟೋ ಹುಡುಗರ ಫೋನು ಬಡಿದುಕೊಳ್ಳುತ್ತದೆ. ನಮ್ಮ ಕಡೆ ಟೆಂಪರರಿ ನೌಕರರಿಗೆ 240 ದಿನ ತುಂಬುವ ಮೊದಲೇ ಬ್ರೇಕ್ ಕೊಟ್ಟು ಕಳಿಸುತ್ತಿದ್ದರಲ್ಲ, ಅದೇ ಬುದ್ಧಿ. ಊರು ಯಾವುದಾದರೇನು! ಇನ್ನು ಮೂರು ಸೀಸನ್ ಪೂರೈಸಿದವನಿಗೆ ಪೆನ್ಷನ್ ಉಂಟು. ಹೀಗಾಗಿ ಬೆಂಚಿನ ತುದಿಯಲ್ಲಿ ಕೂತವನು ಲೆಕ್ಕ ಹಾಕೋದು ಬರೀ ಪಾಯಿಂಟನ್ನಲ್ಲ.

ಈಗ ನೀನು ಹೇಳಿದ "ಬೇಡವಾದವನು" ಅನ್ನೋ ಮಾತಿಗೆ ಬರುತ್ತೇನೆ. 2015ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಇಶ್‌ನ ಕಾಂಟ್ರಾಕ್ಟ್ ಮುಗಿಯಿತು. ಅವರು ಉಳಿಸಿಕೊಳ್ಳಲಿಲ್ಲ. ಅಲ್ಲಿಂದ ವಾಷಿಂಗ್ಟನ್ ಕ್ಯಾಂಪಿಗೆ ಹೋದ. ಸೀಸನ್ ಶುರುವಾಗುವ ಮೊದಲೇ ಅವರೂ ಬಿಟ್ಟರು. ನ್ಯೂ ಆರ್ಲಿಯನ್ಸ್ ಕರೆಯಿತು. ಇತ್ತ ಫಿಲಡೆಲ್ಫಿಯಾದ ಗತಿ ಏನಾಗಿತ್ತು ಗೊತ್ತಾ? 31 ಮ್ಯಾಚ್ ಆಡಿ ಗೆದ್ದಿದ್ದು ಒಂದು. ನರ್ಲೆನ್ಸ್ ನೋಯೆಲ್, ಜಾಹ್ಲಿಲ್ ಓಕಫರ್ ಅಂತ ಎತ್ತರದ ಹುಡುಗರು ಇದ್ದರು. ಅವರ ಕೈಗೆ ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲಿ ಚೆಂಡು ಮುಟ್ಟಿಸುವವನು ಇರಲಿಲ್ಲ. ಮನೆ ತುಂಬ ಸಾಮಾನು ಇದೆ, ಅಡುಗೆ ಮಾಡೋರಿಲ್ಲ ಅನ್ನೋ ಹಾಗೆ. ಡಿಸೆಂಬರ್ 24ಕ್ಕೆ, ಕ್ರಿಸ್‌ಮಸ್ಸಿನ ಹಿಂದಿನ ದಿನ, ಆರು ತಿಂಗಳ ಹಿಂದೆ ಸುಮ್ನೆ ಬಿಟ್ಟಿದ್ದ ಅದೇ ಹುಡುಗನಿಗಾಗಿ ಎರಡು ಸೆಕೆಂಡ್ ರೌಂಡ್ ಪಿಕ್, ಅಂದರೆ ಮುಂದಿನ ಡ್ರಾಫ್ಟುಗಳ ಎರಡನೇ ಸುತ್ತಿನಲ್ಲಿ ಆರಿಸೋ ಹಕ್ಕು, ಕೊಟ್ಟು ವಾಪಸ್ ತಂದರು. ಬಂದ ಮೊದಲ ಮ್ಯಾಚಿನಲ್ಲೇ ಫೀನಿಕ್ಸ್ ಮೇಲೆ ಗೆದ್ದರು.

ಪವಾಡ ಏನೂ ಆಗಲಿಲ್ಲ. ಆ ಸೀಸನ್ ಮುಗಿದಾಗ ಅವರದು 10 ಗೆಲುವು, 72 ಸೋಲು. ಆದರೂ 31ಕ್ಕೆ 1 ಇದ್ದದ್ದು, ಉಳಿದ 51ಕ್ಕೆ 9 ಆಯಿತು. ಮುಂದಿನ ಬೇಸಿಗೆಯಲ್ಲಿ ಡೆಟ್ರಾಯಿಟ್ ಅವನಿಗೆ ಮೂರು ವರ್ಷಕ್ಕೆ 1.8 ಕೋಟಿ ಡಾಲರ್ ಬರೆದುಕೊಟ್ಟಿತು. ಅಲ್ಲಿಯವರೆಗೆ ಆರು ವರ್ಷ, ಒಂಬತ್ತು ಟೀಮು. ಮೂರು ವರ್ಷ ಒಂದೇ ಮನೆ ಬಾಡಿಗೆಗೆ ಹಿಡಿಯಬಹುದು ಅನ್ನೋ ಸ್ಥಿತಿ ಬಂದಾಗ ಅವನಿಗೆ 28 ವಯಸ್ಸು. ನಿನಗೀಗ 23.

ಅವನನ್ನು ಒಂಬತ್ತು ಕಡೆ ಬಿಟ್ಟರು ಅಂತ ನೀನು ಓದುತ್ತೀಯ. ಒಂಬತ್ತು ಕಡೆ ಕರೆದರು ಅಂತ ನಾನು ಓದುತ್ತೇನೆ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಯಾಕೆ ಕರೆದರು ಅಂತ ನೋಡಬೇಕು. ದೂರದಿಂದ ಎಸೆಯೋ ಅವನ ತ್ರೀ ಪಾಯಿಂಟ್ ಶಾಟ್ ಯಾವ ಕಾಲಕ್ಕೂ ಹೇಳಿಕೊಳ್ಳುವಂಥದ್ದಲ್ಲ. ಎತ್ತರ ಇಲ್ಲ. ಆದರೆ ಓಟ! ಬುಟ್ಟಿಗೆ ಬೀಳದೆ ಪುಟಿದ ಚೆಂಡು ಕೈಗೆ ಸಿಕ್ಕಿತೋ, ಎದುರಾಳಿ ತಿರುಗಿ ನೋಡೋ ಹೊತ್ತಿಗೆ ಇವನು ಆ ಕಡೆಯ ಬುಟ್ಟಿ ಹತ್ತಿರ. ಚೆಂಡು ಸುಮ್ನೆ ಕಳೆಯುವುದಿಲ್ಲ. ಮುಖ್ಯ ಗಾರ್ಡ್ ಸುಸ್ತಾದಾಗ ಹತ್ತು ನಿಮಿಷ ಮನೆ ಕಾಯುತ್ತಾನೆ. ಕೋಚುಗಳಿಗೆ ಇವನ ಮೇಲೆ ಇದ್ದ ನಂಬಿಕೆ ಇಷ್ಟೇ, ಇಷ್ಟು ಮಾತ್ರ. ಮೂವತ್ತು ಟೀಮಿನಲ್ಲಿ ಪ್ರತಿ ವರ್ಷ ಯಾರಿಗಾದರೂ ಒಬ್ಬರಿಗೆ ಅದು ಬೇಕಾಗುತ್ತದೆ.

2023ರ ಚಳಿಗಾಲದಲ್ಲಿ ಮಗ ನನ್ನನ್ನು ಇಲ್ಲಿನ ಸ್ಪೆಕ್ಟ್ರಮ್ ಸೆಂಟರಿಗೆ ಕರೆದುಕೊಂಡು ಹೋಗಿದ್ದ. ಇಶ್ ಆಗ ಮತ್ತೆ ಶಾರ್ಲೆಟ್ ಹಾರ್ನೆಟ್ಸ್ ಟೀಮಿನಲ್ಲಿದ್ದ. ಅದೇ ಜೂನಿನಲ್ಲಿ ಡೆನ್ವರ್ ಜೊತೆ ಚಾಂಪಿಯನ್ ಆಗಿ ಬಂದವನು. ಡೆನ್ವರಿಗೆ ಅದು ಮೊದಲ ಕಿರೀಟ. ಕಿರೀಟಕ್ಕಾಗಿ ಕೊನೆಗೆ ಆಡೋ ಆ ಪ್ಲೇಆಫ್‌ನಲ್ಲಿ ಇವನು ಕೂತಿದ್ದು ಹೆಚ್ಚಾಗಿ ಬೆಂಚಿನಲ್ಲೇ. ಚಾಂಪಿಯನ್ ಟೀಮಿಗೆ ಕೊಡೋ ಉಂಗುರ ಮಾತ್ರ ಎಲ್ಲರಿಗೂ ಅದೇ ಉಂಗುರ. ಶಾರ್ಲೆಟ್ ಆ ವರ್ಷ 61 ಮ್ಯಾಚ್ ಸೋತ ಟೀಮು. ಅರ್ಧ ಜನ ಪಾಪ್‌ಕಾರ್ನ್ ತಿನ್ನೋಕೆ ಬಂದ ಹಾಗಿದ್ದರು. ನಾನು ಆಟಕ್ಕಿಂತ ಬೆಂಚನ್ನೇ ನೋಡುತ್ತಾ ಕೂತೆ. ಮೂವತ್ತೈದರ ಆಳು ಅವನು, ಪಕ್ಕದಲ್ಲಿ ಕೂತವರೆಲ್ಲ ಹುಡುಗರು. ನನಗೆ ನಲವತ್ತು ವರ್ಷ ಹಿಂದಿನ ಒಂದು ಸಂಜೆ ನೆನಪಾಯಿತು. ಇದನ್ನು ನಿನ್ನಮ್ಮನಿಗೂ ಹೇಳಿಲ್ಲ.

ನಾನು ಆಗ ಬ್ಯಾಂಕ್ ಟೀಮಿನಲ್ಲಿ ಮೂರನೇ ಗಾರ್ಡ್. ಅಂದರೆ ಏಳನೆಯವನೋ ಎಂಟನೆಯವನೋ. ನಾನು ಮೊದಲನೆಯವನು ಆಗಬೇಕಿತ್ತು ಅಂತ ನನ್ನ ಲೆಕ್ಕ. ಆ ಸಿಟ್ಟಿಗೆ ಬೆಂಚಿನಲ್ಲಿ ಕಾಲು ಚಾಚಿಕೊಂಡು ಕೂರುತ್ತಿದ್ದೆ. ಅವತ್ತು ಟೂರ್ನಮೆಂಟಿನ ಸೆಮಿಫೈನಲ್. ಕೊನೆಯ ನಾಲ್ಕು ನಿಮಿಷ. ನಮ್ಮ ಗಾರ್ಡಿಗೆ ಐದನೇ ಫೌಲ್ ಆಯಿತು, ಅಂದರೆ ಅವನು ಹೊರಗೆ. ಕೋಚ್ ತಿರುಗಿ ನನ್ನ ಹೆಸರು ಕೂಗಿದರು. ನನ್ನ ಬೂಟಿನ ಲೇಸ್ ಬಿಚ್ಚಿತ್ತು. ಎರಡೂ ಬೂಟಿಂದು. ಮೇಲಿನಿಂದ ಟ್ರ್ಯಾಕ್ ಪ್ಯಾಂಟ್ ಬೇರೆ. ನಾನು ಬಗ್ಗಿ ಲೇಸ್ ಹುಡುಕುತ್ತಿದ್ದಾಗ ಅವರು ನನ್ನ ಕಾಲು ನೋಡಿದರು. ಬೈಯಲಿಲ್ಲ. ಪಕ್ಕದ ಹುಡುಗನ ಹೆಗಲು ತಟ್ಟಿದರು. ಅವನು ಎದ್ದು ಹೋದ. ಆ ಮ್ಯಾಚ್ ನಾವು ಗೆದ್ದೆವು, ಅದೇ ದೊಡ್ಡ ಸಂಕಟ. ಆ ಸೀಸನ್ನಿನಲ್ಲಿ ನನ್ನ ಹೆಸರು ಮತ್ತೆ ಕೂಗಲಿಲ್ಲ. ಮುಂದಿನ ವರ್ಷ "ಮಂಡಿ ನೋವು" ಅಂತ ಹೇಳಿ ನಾನೇ ಬಿಟ್ಟೆ. ಮಂಡಿಗೆ ಏನೂ ಆಗಿರಲಿಲ್ಲ.

ಆಂಡ್ರೆ ಇಂಗ್ರಮ್ ಅನ್ನುವ ಆಟಗಾರನೊಬ್ಬ ಇದ್ದಾನೆ. ಫಿಸಿಕ್ಸ್ ಓದಿದವನು. ಕೆಳಗಿನ ಲೀಗಿನಲ್ಲಿ ಹತ್ತು ವರ್ಷ ಆಡಿದ. ಜೊತೆಗೆ ಮಕ್ಕಳಿಗೆ ಗಣಿತದ ಪಾಠ ಹೇಳುತ್ತಿದ್ದ. 2018ರ ಏಪ್ರಿಲಿನಲ್ಲಿ, ಸೀಸನ್ ಮುಗಿಯಲು ಎರಡು ಮ್ಯಾಚ್ ಉಳಿದಿದ್ದಾಗ, ಎನ್‌ಬಿಎಯ ಲೇಕರ್ಸ್ ಟೀಮು ಅವನನ್ನು ಕರೆಯಿತು. ವಯಸ್ಸು 32, ತಲೆಯಲ್ಲಿ ಬಿಳಿಕೂದಲು. ಮೊದಲ ರಾತ್ರಿ 19 ಪಾಯಿಂಟ್ ಹೊಡೆದ. ಅವನ ಲೇಸ್ ಕಟ್ಟಿತ್ತು, ಅಲ್ವಾ? ಹಾಗಂತ ಅವನ ಕತೆ ತೋರಿಸಿ ನಿನ್ನನ್ನು ಹುರಿದುಂಬಿಸೋಕೆ ನಾನು ಹೊರಟಿಲ್ಲ. ಅವನಂತೆ ಹತ್ತು ವರ್ಷ ಕಾದು, ಫೋನೇ ಬಾರದವರು ಎಷ್ಟೋ ಜನ ಇರುತ್ತಾರೆ. ಅವರ ಸುದ್ದಿ ಪೇಪರಿನಲ್ಲಿ ಬರುವುದಿಲ್ಲ.

ಹಾಗಾಗಿ ಸುಹಾಸ, ನನ್ನ ಅಭಿಪ್ರಾಯ ನೇರವಾಗಿ ಕೇಳು. "ಈಗ ಎಂಟನೆಯವನಾಗಿ ಸೇರುತ್ತೇನೆ, ಆರು ತಿಂಗಳಲ್ಲಿ ಸ್ಟಾರ್ ಆಗುತ್ತೇನೆ" ಅಂತ ಹೋಗೋದಾದರೆ ಹೋಗಬೇಡ. ಕೋಟಾದ ಕೆಲಸಕ್ಕೆ ಸೇರು. ಅದರಲ್ಲಿ ಅವಮಾನ ಏನಿಲ್ಲ. ನಾನು ಅದರಲ್ಲೇ ಮನೆ ಕಟ್ಟಿದೆ, ನಿನ್ನಮ್ಮನ ಮದುವೆ ಮಾಡಿದೆ. ಎಂಟನೆಯವನ ಕೆಲಸವೇ ನಿನಗೆ ಇಷ್ಟವಾಗುತ್ತದಾ? ಹತ್ತು ನಿಮಿಷ ಆಡಿ, ನಲವತ್ತು ನಿಮಿಷದ ಆಟದ ತಂತ್ರ ಎಲ್ಲ ಬಾಯಿಪಾಠ ಮಾಡಿಕೊಂಡಿರೋಕೆ ಆಗುತ್ತದಾ? ಹಾಗಿದ್ದರೆ ಹೋಗು. ನಿನ್ನಮ್ಮನ ಹತ್ತಿರ ನಾನು ಮಾತಾಡುತ್ತೇನೆ. ಇಂಟರ್‌ವ್ಯೂಗೆ ಮಾತ್ರ ತಪ್ಪಿಸಬೇಡ. ಕೆಲಸ ಸಿಕ್ಕರೆ, ಸೇರೋಕೆ ಮೂರು ತಿಂಗಳು ಟೈಮ್ ಕೊಡುತ್ತಾರಾ ಅಂತ ಬಾಯಿಬಿಟ್ಟು ಕೇಳು. ಕೇಳೋಕೆ ದುಡ್ಡು ಕೊಡಬೇಕಾಗಿಲ್ಲ.

ಹೋಗೋದೇ ಆದರೆ ಹನ್ನೊಂದು ತಿಂಗಳ ಬಾಡಿಗೆ ಅಗ್ರಿಮೆಂಟ್ ಮಾಡಿಕೊಳ್ಳಬೇಡ, ಅಡ್ವಾನ್ಸ್ ಮುಳುಗುತ್ತದೆ. ಪಿಜಿ ಸಾಕು. ಮೊದಲ ತಿಂಗಳ ಸಂಬಳ ಬಂದ ದಿನವೇ ಒಂದು ಆರ್‌ಡಿ ಶುರು ಮಾಡು. ನಗಬೇಡ. ಅಲ್ಲಿ ಸೇರಿದ ದಿನವೇ ಕೋಚ್ ಹತ್ತಿರ ಹೋಗಿ, "ಸರ್, ನನ್ನನ್ನು ಯಾತಕ್ಕೆ ಕರೆಸಿದಿರಿ?" ಅಂತ ಕೇಳು. ಅವರು ಹೇಳೋದು ಒಂದೇ ಸಾಲು ಇರುತ್ತದೆ. ಅದನ್ನು ಬರೆದಿಟ್ಟುಕೋ. ಹಿಂದಿನ ಎರಡು ಟೀಮಿನಲ್ಲಿ ನೀನು ಇದನ್ನು ಕೇಳಿರಲಿಲ್ಲ ಅಂತ ನನಗೆ ಗ್ಯಾರಂಟಿ ಗೊತ್ತು.

ಕಾಂಟ್ರಾಕ್ಟ್ ಪೇಪರಿನ ಎಲ್ಲ ಪುಟದ ಫೋಟೋ ತೆಗೆದು ಈ ಭಾನುವಾರದೊಳಗೆ ನನಗೆ ಕಳಿಸು. ಸಹಿ ಹಾಕೋ ಪುಟ ಮಾತ್ರ ಅಲ್ಲ. ಆಡುವಾಗ ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು, ಮಧ್ಯದಲ್ಲಿ ಬಿಟ್ಟರೆ ಉಳಿದ ತಿಂಗಳ ಸಂಬಳ ಕೊಡುತ್ತಾರಾ, ಇವೆರಡನ್ನು ನಾನು ನೋಡಬೇಕು. ಸಾಲದ ಪೇಪರು ಓದಿ ಓದಿ ಸಣ್ಣ ಅಕ್ಷರಕ್ಕೆ ನನ್ನ ಕಣ್ಣು ಪಳಗಿದೆ.

ಬರುವ ತಿಂಗಳು ಮಗನ ಸ್ನೇಹಿತನೊಬ್ಬ ಬೆಂಗಳೂರಿಗೆ ಬರುತ್ತಿದ್ದಾನೆ. ಅವನ ಕೈಲಿ ಒಂದು ಜೊತೆ ಬೂಟು ಕಳಿಸುತ್ತೇನೆ. ನಿನ್ನದು ಹತ್ತೋ ಹತ್ತೂವರೆಯೋ? ಅಳತೆ ತಪ್ಪದೆ ಬರಿ. ಜೊತೆಗೆ ಎರಡು ಜೊತೆ ಲೇಸೂ ಇಡುತ್ತೇನೆ.

ಇಂತಿ,
ನಿನ್ನ ಮಾವ