‘ನನ್ನ ಬಗ್ಗೆ ಬರೆಯೋಕೆ ಏನೂ ಇಲ್ಲಮ್ಮ’

ಸಾಗರ

ಚಿ. ಸೌ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರದ ಮಿಕ್ಕ ವಿಷಯಕ್ಕೆಲ್ಲ ನಿನ್ನತ್ತೆ ಫೋನಿನಲ್ಲೇ ಉತ್ತರ ಹೇಳಿದ್ದಾಳೆ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟ. ಟಿಜೆ, ಅಂದರೆ ಅಮೆರಿಕದಲ್ಲಿ ನಿಮ್ಮ ಫೇರ್‌ಫ್ಯಾಕ್ಸ್ ಕೌಂಟಿಯ ಥಾಮಸ್ ಜೆಫರ್ಸನ್ ವಿಜ್ಞಾನ ಹೈಸ್ಕೂಲಿನ ಅರ್ಜಿಯ ಪ್ರಬಂಧಕ್ಕೆ ಅಭ್ಯಾಸ ಮಾಡೋಕೆ ಕೂತ ನಿನ್ನ ಮಗ ಪೆನ್ನು ಕೆಳಗಿಟ್ಟು, ‘ನನ್ನ ಬಗ್ಗೆ ಬರೆಯೋಕೆ ಏನೂ ಇಲ್ಲಮ್ಮ, ನಾನೂ ಎಲ್ಲರ ಹಾಗೇ’ ಅಂದನಂತೆ. ಅದರ ಕೆಳಗೆ ನೀನು ಸೇರಿಸಿದ್ದೀಯ: ‘ಓದಿಸಿ ಓದಿಸಿ ಮಗುವನ್ನ ಬರಿದು ಮಾಡಿಬಿಟ್ಟೆವಾ ಮಾವ?’

ಸೀಟು ಸಿಗುತ್ತೋ ಇಲ್ಲವೋ ಅನ್ನುವ ಭಯ ಎಲ್ಲ ತಾಯಂದಿರಿಗೂ ಇರೋದೇ. ಅದಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇದು ಬೇರೆ.

ಆ ಮಾತು ಎಲ್ಲಿಂದ ಬಂತು ಅಂತ ಯೋಚಿಸಿದೆ. ನಲವತ್ತು ಪ್ರಶ್ನೆ ಕೊಟ್ಟು ಬಿಡಿಸು ಅನ್ನುವ ಪರೀಕ್ಷೆ ನೀನು ಯಾರು ಅಂತ ಕೇಳೋದಿಲ್ಲ. ಕಾಲೇಜು ಮೇಷ್ಟ್ರಾಗಿದ್ದವನು ನಾನು, ಪರೀಕ್ಷೆಯಲ್ಲಿ ಆ ಒಂದು ದಯೆ ಇದೆ ಅಂತ ಈಗಲೂ ನಂಬುತ್ತೇನೆ. 2020ರಲ್ಲಿ ಫೇರ್‌ಫ್ಯಾಕ್ಸಿನವರು ಟಿಜೆಯ ಅಂಥ ಪ್ರವೇಶ ಪರೀಕ್ಷೆಯನ್ನೂ ನೂರು ಡಾಲರ್ ಅರ್ಜಿ ಶುಲ್ಕವನ್ನೂ ತೆಗೆದು, ಅಂಕದ ಜೊತೆಗೆ ಮಗುವಿನ ಬರಹ ನೋಡುತ್ತೇವೆ ಅಂದರು. ಅಲ್ಲಿ ಸಿಗೋ ಸುಮಾರು 550 ಸೀಟಿನಲ್ಲಿ ಪ್ರತಿ ಮಿಡಲ್ ಸ್ಕೂಲಿನ ಎಂಟನೇ ತರಗತಿಯ ಶೇ 1.5ರಷ್ಟು ಮಕ್ಕಳಿಗೆ ಪಾಲು. ಶುಲ್ಕ ಹೋದದ್ದು ಒಳ್ಳೆಯದೇ, ಅಲ್ಲಿಯವರೆಗೆ ಒಂದು ಮಗುವೂ ಹೋಗದಿದ್ದ ಶಾಲೆಗಳಿಗೆ ಬಾಗಿಲು ತೆರೆದದ್ದೂ ಒಳ್ಳೆಯದೇ. ಅಳಿಯಂದಿರು ಒಪ್ಪೋದಿಲ್ಲ, ಗೊತ್ತು. 2024ರಲ್ಲಿ ಈ ಹೊಸ ಪದ್ಧತಿ ಏಷ್ಯನ್ ಮಕ್ಕಳಿಗೆ ಅನ್ಯಾಯ ಅಂತ ಪೋಷಕರು ಹಾಕಿದ್ದ ಕೇಸನ್ನ ಅಲ್ಲಿನ ಸುಪ್ರೀಂ ಕೋರ್ಟು ಕೈಗೆತ್ತಿಕೊಳ್ಳದೆ ಬಿಟ್ಟ ದಿನ ಅವರು ನನಗೇ ಫೋನ್ ಮಾಡಿದ್ದರು. ಆದರೆ ಲೆಕ್ಕ ನೋಡು: ನಮ್ಮ ಹುಡುಗ ಮೊದಲು ಪೈಪೋಟಿ ಮಾಡಬೇಕಾದ್ದು ತನ್ನದೇ ಶಾಲೆಯವರ ಜೊತೆ. ಅದೇ ಬೀದಿ, ಅದೇ ರೊಬೊಟಿಕ್ಸ್, ಅದೇ ಮ್ಯಾಥ್ ಕ್ಲಬ್, ಅದೇ ಶನಿವಾರದ ಸಂಗೀತ ಪಾಠ. ಪಕ್ಕದ ಬೆಂಚಿನವನು ಬರೆಯೋದನ್ನೇ ತಾನೂ ಬರೆಯಬೇಕು ಅಂದಾಗ ‘ಎಲ್ಲರ ಹಾಗೇ’ ಅನ್ನದೆ ಇನ್ನೇನು ಅಂದಾನು? ಬರಿದಾಗಿ ಅಂದದ್ದಲ್ಲ ಪುಟ್ಟಿ. ಅಥವಾ ಹಾಗಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೋ.

ಬೇರೆ ಶಾಲೆಯ ವ್ಯಾಪ್ತಿಗೆ ಮನೆ ಬದಲಿಸೋ ಮಾತು ಎತ್ತಿದ್ದೀಯಲ್ಲ, ಅದು ಬೇಡ ಅನ್ನಿಸುತ್ತೆ. ಅಲ್ಲಿನ ಸಾಲದ ಲೆಕ್ಕ ನನಗೆ ತಿಳಿಯದು, ತಪ್ಪು ತಿಳಿಯಬೇಡ.

ನನ್ನದೂ ಅಂಥದೇ ಒಂದು ಕಥೆ ಇದೆ. ಪಿಯುಸಿ ಮುಗಿಸಿ ಮೈಸೂರಿನ ಒಂದು ಕಾಲೇಜಿಗೆ ಸಂದರ್ಶನಕ್ಕೆ ಹೋಗಿದ್ದೆ. ‘ಪಾಠ ಬಿಟ್ಟು ಇನ್ನೇನು ಮಾಡ್ತೀಯ?’ ಅಂತ ಕೇಳಿದರು. ‘ಏನಿಲ್ಲ ಸಾರ್.’ ಕೊಯ್ಲಿನ ಕಾಲದಲ್ಲಿ ಬೇಯಿಸಿದ ಅಡಿಕೆಯನ್ನ ಅಂಗಳದಲ್ಲಿ ಹರಡುತ್ತಿದ್ದರಲ್ಲ, ಅದರಲ್ಲಿ ಒಂದು ಬುಟ್ಟಿ ಬೇರೆ ಇಟ್ಟು, ಸಂಜೆ ಸಂಜೆ ತೂಗಿ, ಇದ್ದಿಲಿನಲ್ಲಿ ಕೊಟ್ಟಿಗೆ ಗೋಡೆಗೆ ಬರೆಯುತ್ತಿದ್ದೆ. ಮೊದಲ ದಿನಗಳಲ್ಲಿ ತೂಕ ಸರ್ರನೆ ಇಳಿಯೋದು, ಆಮೇಲೆ ದಿನದಿಂದ ದಿನಕ್ಕೆ ನಿಧಾನ. ಯಾಕೆ ಒಂದೇ ಸಮ ಇಳಿಯೋದಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ಅಪ್ಪಯ್ಯ ಅದಕ್ಕೆ ಹುಚ್ಚು ಅಂತಿದ್ದರು. ಆ ಮೇಜಿನ ಮುಂದೆ ಅದು ನೆನಪಾಗಲಿಲ್ಲ ಅಂತಲ್ಲ, ಹೇಳುವಂಥದ್ದು ಅಂತ ಹೊಳೆಯಲೇ ಇಲ್ಲ. ಸೀಟು ಹೋದದ್ದಕ್ಕೆ ಈಗ ದುಃಖವಿಲ್ಲ. ಆಮೇಲೆ ಆ ಪ್ರಶ್ನೆಯನ್ನ ನನಗೆ ಯಾರೂ ಮತ್ತೆ ಕೇಳಲಿಲ್ಲ, ಅದಕ್ಕಿದೆ.

ಹೋದ ಬೇಸಿಗೆಯಲ್ಲಿ ಅವನು ಇಲ್ಲಿಗೆ ಬಂದಾಗ ನೀನು ಶಿವಮೊಗ್ಗಕ್ಕೆ ಹೋಗಿದ್ದೆ, ನೋಡಿಲ್ಲ. ನಿನ್ನತ್ತೆ ಜೊತೆ ಚೌಕಾಬಾರಾ ಆಡುತ್ತಾ ಕೂತವನು, ನಾಲ್ಕು ಕವಡೆಯಲ್ಲಿ ಎರಡು ಎಷ್ಟು ಸಲ ಬೀಳಬೇಕು ಅಂತ ಲೆಕ್ಕ ಹಾಕಿದ. ಹದಿನಾರರಲ್ಲಿ ಆರು, ನಾಲ್ಕೂ ಮಗುಚಿ ಅಷ್ಟ ಬೀಳೋದು ಒಂದೇ ಒಂದು. ಹಾಕಿ ನೋಡಿದರೆ ಹಾಗೆ ಬೀಳಲಿಲ್ಲ. ಮಧ್ಯಾಹ್ನವೆಲ್ಲ ಗೆರೆ ಎಳೆದು ಎಣಿಸಿ, ಕೊನೆಗೆ ಕವಡೆಯ ಎರಡು ಮಗ್ಗುಲೂ ಒಂದೇ ಸಮ ಬೀಳೋದಿಲ್ಲ ಅಂತ ಕಂಡುಕೊಂಡ. ಒಂದೊಂದು ಕವಡೆಯನ್ನೂ ಬೇರೆ ಬೇರೆ ಎಸೆದು ನೋಡಿದ. ಊಟಕ್ಕೆ ಕರೆದರೆ ಬೈದ ಕೂಡ! ಅವನನ್ನ ಬರಿದಾದ ಹುಡುಗ ಅಂತ ಹೇಗೆ ಒಪ್ಪಲಿ?

ಆದರೆ ಇದನ್ನ ನಿನಗೆ ಹೇಳಿ ಕೆಡಿಸಿದೆನಾ ಅಂತಲೂ ಅಳುಕು. ‘ಕವಡೆ ವಿಷಯ ಬರಿ’ ಅಂತ ನೀನು ಹೇಳಿದ ಕ್ಷಣ ಅದೂ ರೊಬೊಟಿಕ್ಸ್ ಸಾಲಿಗೆ ಸೇರುತ್ತೆ. ಪ್ರಬಂಧದ ಟ್ಯೂಷನ್ನಿನವರ ಕೈಗೆ ಸಿಕ್ಕಿದರಂತೂ ಮುಗಿಯಿತು. ಸಾಧ್ಯವಾದರೆ ಆ ಟ್ಯೂಷನ್ ಬಿಡಿಸು. ಬಿಡಿಸೋಕಾಗದಿದ್ದರೆ ವಾರದಲ್ಲಿ ಒಂದು ಸಂಜೆ ಯಾವ ಕ್ಲಾಸೂ ಇಲ್ಲದ ಹಾಗೆ ನೋಡು. ಆ ಹೊತ್ತಿನಲ್ಲಿ ಅವನೇನು ಮಾಡಿದ ಅಂತ ಕೇಳಬೇಡ. ಇಷ್ಟೇ ನನಗೆ ತೋಚೋದು, ಇದೇನು ಸಲಹೆಯೋ ಏನೋ. ಸೀಟು ಸಿಗದಿದ್ದರೆ ನಿಮ್ಮ ಬಡಾವಣೆಯ ಹೈಸ್ಕೂಲಿನಲ್ಲೂ ಕ್ಯಾಲ್ಕುಲಸ್ ಕಲಿಸುತ್ತಾರೆ.

ಈ ಪತ್ರವನ್ನ ಅವನಿಗೆ ಓದಿ ಹೇಳಬೇಡ. ಅವನು ಇದನ್ನು ಬಿಟ್ಟು ಬೇರೇನೋ ಬರೆದರೆ, ಏನು ಅಂತ ನನಗೆ ತಿಳಿಸು.

ಇತಿ,
ನಿನ್ನ ಸೋದರಮಾವ