ಹದಿನಾಲ್ಕು ಟೀಮಿನ ರಿಚ್ ಹಿಲ್‌ಗೂ, ನನ್ನ ಫೋನ್ ಎತ್ತಿದವರಿಗೂ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಕೆಲಸ ಪರ್ಮನೆಂಟ್ ಆಯ್ತು. ಲೆಟರ್ ಕೈಗೆ ಬಂದು, ಇನ್ಶೂರೆನ್ಸ್ ಕಾರ್ಡೂ ಬಂದ್ಮೇಲೇನೇ ಬರೀತಿದೀನಿ, ಮೊದಲೇ ಡಂಗುರ ಹೊಡೆದು ಆಮೇಲೆ ಕೈ ಕೊಟ್ರೆ ಅನ್ನೋ ಭಯ ಇತ್ತು. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ: ಕಾಂಟ್ರ್ಯಾಕ್ಟ್ ಟೆಸ್ಟರ್ ಆಗಿದ್ದೆ, ಪ್ರಾಜೆಕ್ಟ್ ನಿಲ್ಲಿಸಿ ಕಳಿಸಿದ್ರು, ಅದೇ ಟೈಮಿಗೆ ತಿಪಟೂರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು, ನಾನು ಹೋಗಿ ಅಲ್ಲೇ ಉಳಿದೆ, ವಾಪಸ್ ಬಂದು ನೋಡಿದ್ರೆ ನಲವತ್ತು ದಾಟಿದ, ರೆಸ್ಯೂಮಲ್ಲಿ ಗ್ಯಾಪ್ ಇರೋ ಹೆಂಗಸಿಗೆ ಈ ಮಾರ್ಕೆಟ್ಟಲ್ಲಿ ಜಾಗಾನೇ ಇಲ್ಲ.

ಈ ಬರಹದಲ್ಲಿ ಒಬ್ಬ ಬೇಸ್‌ಬಾಲ್ ಆಟಗಾರ ತುಂಬಾ ಜಾಗ ತಗೋತಾನೆ, ಬೇಜಾರಾಗ್ಬೇಡಿ. ಅದಕ್ಕೆ ಕಾರಣ ನಮ್ಮ ಕೆಳಗಿನ ಮನೆ ತಾತ. ನಾವಿರೋದು ಕ್ವಿನ್ಸಿಯಲ್ಲಿ, ಬಾಸ್ಟನ್ ಪಕ್ಕ. ತಾತ ಇಲ್ಲೇ ಹುಟ್ಟಿ ಬೆಳೆದವರು, ಬಾಸ್ಟನ್ನಿನ ಬೇಸ್‌ಬಾಲ್ ಟೀಮ್ ರೆಡ್ ಸಾಕ್ಸ್ ಅಂದ್ರೆ ಪ್ರಾಣ, ಬೇಸಿಗೇಲಿ ಸಂಜೆ ಆದ್ರೆ ಟಿವಿ ಸೌಂಡು ನಮ್ಮನೆ ಅಡುಗೆಮನೆವರೆಗೂ ಕೇಳುತ್ತೆ. ಕೆಲಸ ಇಲ್ದೆ ಕೂತಿದ್ದಾಗ ಕೆಳಗೆ ಹೋಗಿ ಅವರ ಜೊತೆ ಮ್ಯಾಚ್ ನೋಡೋದು ಅಭ್ಯಾಸ ಆಯ್ತು. ನಾನು ಅವಲಕ್ಕಿ ಒಗ್ಗರಣೆ ತಗೊಂಡು ಹೋಗೋದು, ಅವರು ಆಟ ಹೇಳಿಕೊಡೋದು. ಅವರ ಬಾಯಲ್ಲಿ ದಿನಾ ಬರ್ತಿದ್ದ ಹೆಸರು ರಿಚ್ ಹಿಲ್. ಪಕ್ಕದ ಮಿಲ್ಟನ್ ಊರಿನ ಹುಡುಗ, ಎಡಗೈ ಪಿಚರ್, ಅಂದ್ರೆ ಕ್ರಿಕೆಟ್ಟಿನ ಬೌಲರ್ ಥರ ಬ್ಯಾಟರ್‌ಗೆ ಬಾಲ್ ಎಸೆಯೋನು. ಹುಡುಗ ಅಂತ ತಾತ ಹೇಳೋದು, ಅವನು 1980ರಲ್ಲಿ ಹುಟ್ಟಿದವನು!

2005ರಲ್ಲಿ ಶಿಕಾಗೋ ಕಬ್ಸ್ ಟೀಮಲ್ಲಿ ಶುರು ಮಾಡಿದ. 2007ರಲ್ಲಿ 183 ಸ್ಟ್ರೈಕ್‌ಔಟ್ (ಬಾಲ್ ಹೊಡೆಯಕ್ಕೆ ಬಿಡದೆ ಬ್ಯಾಟರನ್ನ ಔಟ್ ಮಾಡೋದು), ಇನ್ನು ಇವನದ್ದೇ ಕಾಲ ಅಂತ ಎಲ್ರೂ ಅಂದ್ಕೊಂಡ್ರು. ಮುಂದಿನ ವರ್ಷವೇ ಕಂಟ್ರೋಲ್ ಹೋಯ್ತು, ಬಾಲ್ ಎಲ್ಲೆಲ್ಲೋ ಬೀಳಕ್ಕೆ ಶುರುವಾಯ್ತು, ಬ್ಯಾಟರ್‌ಗಳು ಸುಮ್ನೆ ನಿಂತು ಬಿಟ್ಟಿಯಾಗಿ ಮೊದಲ ಬೇಸ್‌ಗೆ ನಡ್ಕೊಂಡು ಹೋಗ್ತಿದ್ರು. ಕಬ್ಸ್ ಅವನನ್ನ ಬಾಲ್ಟಿಮೋರಿಗೆ ಕಳಿಸಿಬಿಟ್ಟರು, 2009ರಲ್ಲಿ ಭುಜದ ಆಪರೇಷನ್, 2011ರಲ್ಲಿ ಮೊಣಕೈದು, ಅದೇ ಟಾಮಿ ಜಾನ್ ಸರ್ಜರಿ ಅಂತಾರಲ್ಲ, ಹರಿದ ಲಿಗಮೆಂಟ್ ತೆಗೆದು ಬೇರೆ ಕಡೆಯಿಂದ ನರದಂಥ ಟೆಂಡನ್ ತಂದು ಕೂರಿಸೋದು, ವಾಸಿಯಾಗಕ್ಕೆ ವರ್ಷ ಹಿಡಿಯುತ್ತೆ. ಸ್ಟಾರ್ಟರ್, ಅಂದ್ರೆ ಮ್ಯಾಚ್ ಶುರುವಿಂದ ಎಸೆಯೋ ಪಿಚರ್ ಆಗಿದ್ದವನು ಕೈಯನ್ನ ಪಕ್ಕಕ್ಕೆ ಇಳಿಸಿ ಎಸೆಯೋದು ಕಲಿತು, ಒಬ್ಬಿಬ್ಬರು ಎಡಗೈ ಬ್ಯಾಟರ್‌ಗಳಿಗೆ ಮಾತ್ರ ಬಾಲ್ ಹಾಕಿ ಹೋಗೋ ಕೆಲಸಕ್ಕೆ ಇಳಿದ. 2014ರಲ್ಲಿ ಏಂಜೆಲ್ಸ್ ಟೀಮ್ ಕರ್ಕೊಂಡ್ತು, ಅಲ್ಲಿ ಒಬ್ಬರನ್ನೂ ಔಟ್ ಮಾಡಕ್ಕಾಗ್ಲಿಲ್ಲ, ಕೆಲವೇ ದಿನಕ್ಕೆ ಲಿಸ್ಟಿಂದ ತೆಗೆದ್ರು. ಬೇಸ್‌ಬಾಲಲ್ಲಿ ಹಾಗೆ ತೆಗೆದ್ರೆ ಏಳು ದಿನದೊಳಗೆ ನಿನ್ನ ಹಣೆಬರಹ ತೀರ್ಮಾನ ಆಗುತ್ತೆ, ಇನ್ನೊಂದು ಟೀಮಿಗೆ ಕಳಿಸ್ತಾರೆ, ಇಲ್ಲಾ ಕೆಳಗಿನ ಲೀಗಿಗೆ, ಇಲ್ಲಾ ಮನೆಗೆ. ತಾತ ಇದನ್ನ ವಿವರಿಸಿದಾಗ ನಾನು ನಕ್ಕೆ, ನಮ್ಮ ಕನ್ಸಲ್ಟೆನ್ಸಿಯವರು ಎರಡು ವಾರನಾದ್ರೂ ಕೊಡ್ತಾರೆ ಅಂತ.

ಅದೇ ವರ್ಷ ಫೆಬ್ರವರಿಯಲ್ಲಿ ಅವನ ಎರಡು ತಿಂಗಳ ಗಂಡುಮಗು ತೀರಿಕೊಂಡಿತ್ತು. ಹುಟ್ಟಿನಿಂದಲೇ ಮೆದುಳು, ಕಿಡ್ನಿ ಎರಡಕ್ಕೂ ತೊಂದರೆ ಇತ್ತಂತೆ. ಇದರ ಬಗ್ಗೆ ನಾನು ಹೆಚ್ಚು ಬರೆಯಲ್ಲ. ಆಮೇಲೆ ಗಂಡ ಹೆಂಡ್ತಿ ಸೇರಿ, ಮಗುನ ನೋಡ್ಕೊಂಡ ಬಾಸ್ಟನ್ ಆಸ್ಪತ್ರೆಗೆ ಅಪರೂಪದ ಕಾಯಿಲೆಗಳ ಸಂಶೋಧನೆಗೆ ಅಂತ ದೊಡ್ಡ ಮೊತ್ತ ಕೊಟ್ರು, ಬೇರೆಯವರಿಂದಲೂ ಸೇರಿಸಿ ಕೊಡಿಸಿದ್ರು.

ಈಗ ನಂಗೆ ಮುಖ್ಯವಾದ ಜಾಗಕ್ಕೆ ಬಂದೆ, 2015ರ ಬೇಸಿಗೆ. ವಯಸ್ಸು 35. ವಾಷಿಂಗ್ಟನ್‌ನವರ ಕೆಳಗಿನ ಲೀಗಿನ ಟೀಮಲ್ಲಿದ್ದ, ಅಲ್ಲಿಂದಲೂ ಬಿಡುಗಡೆ. ಆವಾಗ ಅವನು ಹೋಗಿದ್ದು ಲಾಂಗ್ ಐಲೆಂಡ್ ಡಕ್ಸ್ ಅನ್ನೋ ಟೀಮಿಗೆ. ಯಾವ ದೊಡ್ಡ ಕ್ಲಬ್ಬಿಗೂ ಸೇರದ ಲೀಗದು, ಎಲ್ಲಾ ಕಡೆ ಬಾಗಿಲು ಹಾಕಿಸ್ಕೊಂಡವರು ಹೋಗೋ ಕಡೆ. ಅವರು ಸ್ಟಾರ್ಟರ್ ಆಗಿ ಎಸಿ ಅಂತ ಬಾಲ್ ಕೈಗೆ ಕೊಟ್ರು. ಎರಡೇ ಮ್ಯಾಚು, ಒಂದು ರನ್ನೂ ಬಿಡ್ಲಿಲ್ಲ. ರೆಡ್ ಸಾಕ್ಸ್ ಕರೆದು ಪಾಟಕೆಟ್‌ನ ತಮ್ಮ ಕೆಳಗಿನ ಟೀಮಿಗೆ ಹಾಕ್ಕೊಂಡ್ರು. ಅಲ್ಲಿ ಬ್ರಯಾನ್ ಬ್ಯಾನಿಸ್ಟರ್ ಅಂತ ಒಬ್ಬರು, ಅವರೂ ಮಾಜಿ ಪಿಚರೇ, ಆಮೇಲೆ ಡೇಟಾ ಕಡೆ ಬಂದವರು, ಇವನನ್ನ ಕೂರಿಸ್ಕೊಂಡು ಹೇಳಿದ್ದಿಷ್ಟು: ನಿನ್ನ ಕರ್ವ್‌ಬಾಲ್ ತಿರುಗೋ ಥರ ಬೇರೆಯವರದ್ದು ತಿರುಗಲ್ಲ, ಅದನ್ನ ಅಪರೂಪಕ್ಕೆ ಯಾಕೆ ಹಾಕ್ತೀಯ, ಅದನ್ನೇ ಹೆಚ್ಚು ಹಾಕು, ಸ್ಪೀಡ್ ಬದಲಾಯಿಸು, ತಿರುವು ಬದಲಾಯಿಸು. ಆ ಬಾಲ್ ನೀವು ವಿಡಿಯೋದಲ್ಲಿ ನೋಡ್ಬೇಕು, ತಲೆ ಎತ್ತರಕ್ಕೆ ಬರ್ತಿದೆ ಅಂತ ಬ್ಯಾಟರ್ ಬಿಟ್ಟಿರ್ತಾನೆ, ಗೊನೆಯಿಂದ ತೆಂಗಿನಕಾಯಿ ಕಳಚಿಕೊಂಡಂಗೆ ಮೊಣಕಾಲ ಹತ್ರ ಇಳಿದುಬಿಡುತ್ತೆ.

ಸೆಪ್ಟೆಂಬರ್ 13, 2015. 2009ರಿಂದೀಚೆಗೆ ದೊಡ್ಡ ಲೀಗಲ್ಲಿ ಅವನ ಮೊದಲ ಸ್ಟಾರ್ಟ್, ಟ್ಯಾಂಪಾ ಬೇ ವಿರುದ್ಧ. ಏಳು ಇನ್ನಿಂಗ್ಸ್, ಒಂದೇ ಹಿಟ್, ಹತ್ತು ಸ್ಟ್ರೈಕ್‌ಔಟ್. ಒಟ್ಟು ನಾಲ್ಕು ಸ್ಟಾರ್ಟ್ ಆಡಿದ ಅಷ್ಟೇ, ಆ ನಾಲ್ಕರ ಮೇಲೆ ಓಕ್ಲೆಂಡ್ 60 ಲಕ್ಷ ಡಾಲರ್ ಕೊಟ್ತು, ಮಾರನೇ ವರ್ಷದ ಕೊನೇಲಿ ಡಾಡ್ಜರ್ಸ್ ಮೂರು ವರ್ಷಕ್ಕೆ 4 ಕೋಟಿ 80 ಲಕ್ಷ ಡಾಲರ್ ಕೊಟ್ತು. ಮೂವತ್ತಾರನೇ ವಯಸ್ಸಲ್ಲಿ!

ಇದನ್ನ ಎಲ್ರೂ "ಛಲ ಬಿಡಬೇಡಿ" ಅಂತ ಪೋಸ್ಟರ್ ಮಾಡಿ ಹಾಕ್ತಾರೆ. ನಂಗೆ ಆ ಪೋಸ್ಟರ್ ನೋಡಿದ್ರೆ ಮೈ ಉರಿಯುತ್ತೆ. ಛಲ 2014ರಲ್ಲೂ ಇತ್ತಲ್ಲ ಅವನಿಗೆ, ಬಿಟ್ಟಿದ್ದ ಯಾವಾಗ? 2015ರಲ್ಲಿ ಹೊಸದಾಗಿ ಸಿಕ್ಕಿದ್ದು ಬಾಲ್ ಕೈಗೆ ಕೊಟ್ಟ ಒಂದು ಸಣ್ಣ ಟೀಮು, ಮತ್ತೆ ಕೂತು ಸರಿಯಾಗಿ ನೋಡಿ ನಿನ್ನಲ್ಲಿ ಇದೊಂದು ಚೆನ್ನಾಗಿದೆ ಅಂತ ಹೇಳಿದ ಒಬ್ಬ ಮನುಷ್ಯ. ನಾನೂ ದಿನಾ ಅಪ್ಲೈ ಮಾಡ್ತಾನೇ ಇದ್ದೆ, ಛಲಕ್ಕೇನೂ ಕಮ್ಮಿ ಇರ್ಲಿಲ್ಲ ಸ್ವಾಮಿ, ಆಟೋಮ್ಯಾಟಿಕ್ ರಿಜೆಕ್ಷನ್ ಮೇಲ್ ಬೆಳಗಿನ ಜಾವಕ್ಕೇ ಬರ್ತಿತ್ತು.

ಹಾಗಾಗಿ ನನ್ನ ಥ್ಯಾಂಕ್ಸ್ ಎಲ್ಲಾ ಮನುಷ್ಯರಿಗೆ. ಶ್ರೂಸ್‌ಬರಿ ಅಕ್ಕ ಭಾವನಿಗೆ ಮೊದಲು. ಅಕ್ಕ, ನನ್ನ ರೆಸ್ಯೂಮ್ ಓದಿ ನೀವು "ಇದೇನೇ, ಆಸ್ಪತ್ರೆ ಬಿಲ್ಲಿಂಗ್ ಸಾಫ್ಟ್‌ವೇರ್ ಟೆಸ್ಟ್ ಮಾಡಿದ್ದನ್ನ ಮೂರನೇ ಪೇಜಲ್ಲಿ ಬಚ್ಚಿಟ್ಟಿದೀಯಲ್ಲ, ಅದನ್ನ ಮೇಲೆ ಹಾಕು" ಅಂದ್ರಿ, ಇಂಟರ್‌ವ್ಯೂನಲ್ಲಿ ಅವರು ಕೇಳಿದ್ದು ಅದೊಂದನ್ನೇ. ಬೆಳಗೆರೆ ಕಡೆ ಹುಡುಗ ಒಬ್ಬ, ನಮ್ಮ ಹಳೇ ಟೀಮಲ್ಲಿ ಜೂನಿಯರ್ ಆಗಿದ್ದವನು, ಹೆಸರು ಹಾಕ್ಬೇಡಿ ಮೇಡಂ ಅಂದಿದಾನೆ, ತನ್ನ ಮ್ಯಾನೇಜರ್ ಹತ್ರ ಹೋಗಿ ಮೂರು ತಿಂಗಳ ಕಾಂಟ್ರ್ಯಾಕ್ಟ್ ಕೊಡಿಸಿದ. ಚೆನ್ನಾಗಿರಪ್ಪ. ಊರಲ್ಲಿ ನನ್ನ ತಮ್ಮನ ಹೆಂಡ್ತಿ, ನಾನು ವಾಪಸ್ ಬಂದ್ಮೇಲೆ ಅಮ್ಮನಿಗೆ ವಾಕರ್ ಹಿಡಿದು ನಡೆಸಿದವಳು, ಅಮ್ಮ ಈಗ ತುಳಸಿಕಟ್ಟೆವರೆಗೂ ಒಬ್ರೇ ಹೋಗ್ತಾರೆ. ನಮ್ಮನೆಯವರಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದ್ರೆ ನಗ್ತಾರೆ, ಆದ್ರೂ ಹೇಳಿದೀನಿ ಕಣ್ರೀ.

ರಿಚ್ ಹಿಲ್ ಕಥೆ ಅಲ್ಲಿಗೇ ಸುಖಾಂತ ಅಂದ್ಕೋಬೇಡಿ. ಬೆರಳಲ್ಲಿ ಬೊಬ್ಬೆ ಏಳೋದು ಅವನಿಗೆ ಮಾಮೂಲು. 2016ರ ಸೆಪ್ಟೆಂಬರಲ್ಲಿ ಮಯಾಮಿ ವಿರುದ್ಧ ಏಳು ಇನ್ನಿಂಗ್ಸ್ ಒಬ್ಬನನ್ನೂ ಬೇಸ್‌ಗೆ ಬಿಟ್ಟಿರ್ಲಿಲ್ಲ, ಬೊಬ್ಬೆ ಭಯಕ್ಕೆ ಮ್ಯಾನೇಜರ್ ಡೇವ್ ರಾಬರ್ಟ್ಸ್ ಹೊರಗೆ ಕರೆದ್ರು. ಮುಂದಿನ ವರ್ಷ ಆಗಸ್ಟ್ 23, ಪಿಟ್ಸ್‌ಬರ್ಗಲ್ಲಿ ಎಂಟು ಇನ್ನಿಂಗ್ಸ್ ಪರ್ಫೆಕ್ಟ್, ಅಂದ್ರೆ ಒಬ್ಬ ಬ್ಯಾಟರೂ ಬೇಸ್ ಮುಟ್ಟಿರ್ಲಿಲ್ಲ. ಒಂಬತ್ತನೇದರಲ್ಲಿ ಫೀಲ್ಡರ್ ಕೈಯಿಂದ ಒಂದು ಬಾಲ್ ತಪ್ಪಿತು, ಪರ್ಫೆಕ್ಟ್ ಹೋಯ್ತು, ಆದ್ರೂ ಒಂದು ಹಿಟ್ಟೂ ಕೊಟ್ಟಿರ್ಲಿಲ್ಲ, ಅವನ ಟೀಮಿನವರು ಒಂದು ರನ್ ಹೊಡೆದಿದ್ರೆ ಮುಗೀತಿತ್ತು, ಪುಣ್ಯಾತ್ಮರು ಹೊಡೀಲಿಲ್ಲ. ಹತ್ತನೇ ಇನ್ನಿಂಗ್ಸಿಗೂ ಇವನೇ ಬಂದ, ಜಾಶ್ ಹ್ಯಾರಿಸನ್ ಹೋಮ್ ರನ್ ಹೊಡೆದ, 1-0. ಇಡೀ ಮ್ಯಾಚಲ್ಲಿ ಅವನು ಕೊಟ್ಟ ಒಂದೇ ಹಿಟ್ಟಿಗೆ ಮ್ಯಾಚೇ ಹೋಯ್ತು. ತಾತ ಆ ವಿಡಿಯೋ ಹಾಕಿ ತೋರಿಸಿ, ಈಗಲೂ ಬೈತಾರೆ.

ಆಮೇಲೂ ಮಿನೆಸೋಟ, ಟ್ಯಾಂಪಾ, ಮೆಟ್ಸ್, ಮತ್ತೆ ಬಾಸ್ಟನ್, ಪಿಟ್ಸ್‌ಬರ್ಗ್, ಸ್ಯಾನ್ ಡಿಯಾಗೋ ಅಂತ ಸುತ್ತುತ್ತಾನೇ ಇದ್ದ. 2025ರ ಜುಲೈ 22ಕ್ಕೆ, 45 ವಯಸ್ಸಲ್ಲಿ, ಕ್ಯಾನ್ಸಸ್ ಸಿಟಿ ರಾಯಲ್ಸ್ ಪರವಾಗಿ ಇಳಿದ, ಅದೂ ಕಬ್ಸ್ ವಿರುದ್ಧ, ಶಿಕಾಗೋದ ರಿಗ್ಲಿ ಫೀಲ್ಡಲ್ಲೇ. ಅದು ಹದಿನಾಲ್ಕನೇ ಟೀಮು, ಅತಿ ಹೆಚ್ಚು ಟೀಮುಗಳಿಗೆ ಆಡಿದ್ದ ಎಡ್ವಿನ್ ಜಾಕ್ಸನ್ ಅನ್ನೋ ಪಿಚರ್ ದಾಖಲೆಗೆ ಸಮ. ಆ ಮ್ಯಾಚ್ ಸೋತ್ರು, ಎರಡು ಸ್ಟಾರ್ಟ್ ಆದ್ಮೇಲೆ ರಾಯಲ್ಸ್ ಕೂಡ ಲಿಸ್ಟಿಂದ ತೆಗೆದ್ರು. ನಂಗೂ ಈ ಪರ್ಮನೆಂಟ್ ಎಷ್ಟು ದಿನ ಪರ್ಮನೆಂಟೋ ಗೊತ್ತಿಲ್ಲ, ಅದಕ್ಕೇ ನಿಮ್ಮೆಲ್ರ ನಂಬರ್ ಡಿಲೀಟ್ ಮಾಡಲ್ಲ, ನನ್ನದನ್ನೂ ಮಾಡ್ಬೇಡಿ. ಯಾರದ್ದಾದ್ರೂ ರೆಸ್ಯೂಮ್ ಓದೋದಿದ್ರೆ ಕಳಿಸಿ, ಟೆಸ್ಟಿಂಗ್ ಕಡೆಯವರಾದ್ರೆ ಇನ್ನೂ ಒಳ್ಳೇದು, ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಿ, ಎತ್ತುತೀನಿ.